ಮುಳ್ಳಿನ ತಪ್ಪಲ್ಲ, ಸ್ವಾಮಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ದಾವಣಗೆರೆ ಕಡೆಯವರೊಬ್ಬರು ಸಿಟ್ಟಿನಿಂದ ಬರೆದಿದ್ದರು. ಮಗನಿಗೆ ಅಂತ ಸಾಲ ಮಾಡಿ ಕಂಪ್ಯೂಟರು, ಜಾಯ್‌ಸ್ಟಿಕ್ಕು, ತೆರೆಯ ಮೇಲೆ ಸುಳ್ಳು ವಿಮಾನ ಹಾರಿಸುವ ಸಿಮ್ಯುಲೇಟರು ಎಲ್ಲ ಕೊಂಡರಂತೆ. ಬೆಂಗಳೂರಿನ ರನ್‌ವೇ ಮೇಲೆ ವಿಮಾನ ಸುಮ್ನೆ ನಿಂತಿದೆ. ಎಂಜಿನ್ ಕೂಡ ಶುರುವಾಗಿಲ್ಲ. ಆದರೂ ಎತ್ತರದ ಮೀಟರು 3,000 ಅಡಿ ತೋರಿಸುತ್ತಿದೆ. ಇಂಥ ಸುಳ್ಳು ಸಾಮಾನು ಮಾರುವವರ ಮೇಲೆ ಕ್ರಮ ಆಗಬೇಕು ಎಂಬುದು ಅವರ ಆಗ್ರಹ.

ಓದಿ ನಗು ಬಂತು. ನಗಬಾರದಿತ್ತು. ಎರಡು ವರ್ಷದ ಹಿಂದೆ ನಾನೂ ಮೊಮ್ಮಗನ ಮುಂದೆ ಇದೇ ಮಾತಾಡಿ ಅವನಿಂದ ಪಾಠ ಹೇಳಿಸಿಕೊಂಡಿದ್ದೆ.

ಆ ಮೀಟರು ಸರಿಯಾಗೇ ಇದೆ ಸ್ವಾಮಿ. ನೆಲದಿಂದ ಎಷ್ಟು ಮೇಲಿದ್ದೀರಿ ಅಂತ ಹೇಳುವುದು ಅದರ ಕೆಲಸವಲ್ಲ. ಸಮುದ್ರ ಮಟ್ಟದಿಂದ ಎಷ್ಟು ಮೇಲಿದ್ದೀರಿ ಅಂತ ಅದು ಹೇಳುತ್ತದೆ. ದೇವನಹಳ್ಳಿ ಹತ್ತಿರದ ಕೆಂಪೇಗೌಡ ನಿಲ್ದಾಣ ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ. ನಿಮ್ಮ ಮಗನಿಗೆ ಮಂಗಳೂರಿನ ಬಜ್ಪೆಯಲ್ಲಿ ವಿಮಾನ ನಿಲ್ಲಿಸಲು ಹೇಳಿ. ಅದೇ ಮುಳ್ಳು 340ರ ಆಸುಪಾಸಿಗೆ ಬಂದು ಕೂರುತ್ತದೆ. ಬಂದರೆ ಮೀಟರು ಚೆನ್ನಾಗಿದೆ ಅಂತ ಅರ್ಥ. ಸಾಲದ ದುಡ್ಡು ಹಾಳಾಗಿಲ್ಲ.

ಹಾಗಂತ ಬೆಂಗಳೂರಿನಲ್ಲಿ ಕರಾರುವಾಕ್ಕಾಗಿ 3,000ವೇ ಬರಬೇಕು ಅಂತಲೂ ಇಲ್ಲ. ಎತ್ತರದ ಮೀಟರು ಅಂದರೆ ಒಳಗಿಂದ ಅದೊಂದು ಗಾಳಿ ಒತ್ತಡದ ಮೀಟರು ಅಷ್ಟೇ. ಗಾಳಿಯ ಒತ್ತಡ ದಿನದಿನಕ್ಕೂ ಬೇರೆ. ಅದಕ್ಕೇ ಡಯಲಿನಲ್ಲಿ ಒಂದು ಪುಟ್ಟ ಕಿಂಡಿ, ಪಕ್ಕದಲ್ಲಿ ಒಂದು ತಿರುಗಿಸುವ ಗುಂಡಿ ಇರುತ್ತದೆ. ಸಮುದ್ರ ಮಟ್ಟದ ಲೆಕ್ಕಕ್ಕೆ ತಂದ ಅವತ್ತಿನ ಒತ್ತಡವನ್ನು ಅಲ್ಲಿ ಹೊಂದಿಸಬೇಕು. ಒಂದು ಹೆಕ್ಟೊಪಾಸ್ಕಲ್ (ಗಾಳಿ ಒತ್ತಡದ ಅಳತೆ) ತಪ್ಪಿದರೆ ಹೆಚ್ಚುಕಮ್ಮಿ 28 ಅಡಿ ತಪ್ಪುತ್ತದೆ. ಕಿಂಡಿಯಲ್ಲಿ 1013 ಇದೆ, ಅವತ್ತಿನ ಲೆಕ್ಕ 1007 ಇದೆ ಅಂದುಕೊಳ್ಳಿ. ನೆಲದ ಮೇಲೆ ನಿಂತೇ 165 ಅಡಿಯಷ್ಟು ಜಾಸ್ತಿ ತೋರಿಸುತ್ತದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಾದರೆ ಕೀಬೋರ್ಡಿನ 'ಬಿ' ಒತ್ತಿದರೆ ಅದೇ ಹೊಂದಿಸಿಕೊಳ್ಳುತ್ತದೆ. ಅಮೆರಿಕದ ವಿಮಾನಗಳ ಕಿಂಡಿಯಲ್ಲಿ 1013 ಬದಲು 29.92 ಅಂತ ಇರುತ್ತದೆ. ಅದು ಪಾದರಸದ ಇಂಚಿನ ಲೆಕ್ಕ. ಎರಡೂ ಒಂದೇ, ಗಾಬರಿ ಬೇಡ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ಪತ್ರದ ಕೆಳಗೆ ಇನ್ನೊಬ್ಬರು 'ನಮ್ಮಲ್ಲೂ ಮೀಟರುಗಳು ಕೈಕೊಟ್ಟವು, ಅಂಗಡಿಯವರು ಇಡೀ ಪ್ಯಾನಲ್ ಬದಲಾಯಿಸಿ ಅಂದರು' ಅಂತ ದನಿಗೂಡಿಸಿದ್ದರು. ಅದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ಪೈಲಟ್ ಅಲ್ಲ. ವಿಮಾನ ಹತ್ತಿದ್ದೇ ಎರಡು ಸಲ, ಎರಡು ಸಲವೂ ಕಿಟಕಿ ಪಕ್ಕದ ಸೀಟು ಸಿಗಲಿಲ್ಲ. ಮಂಡ್ಯ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ 31 ವರ್ಷ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿದ್ದೆ. ಬಾಯ್ಲರಿನ ಒತ್ತಡ, ಕಬ್ಬಿನ ಹಾಲಿನ ಬಿಸಿ, ಪ್ಯಾನುಗಳ ವ್ಯಾಕ್ಯೂಮ್, ಹೀಗೆ ಮುಳ್ಳು ಇರುವುದೆಲ್ಲ ನನ್ನ ಪಾಲಿಗೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಅರೆಯುವ ಹಂಗಾಮಿನ ನಡುವೆ, ಒಂದು ಬಾಯ್ಲರ್ ಗೇಜು ಅಲ್ಲಾಡದೆ ನಿಂತುಬಿಟ್ಟಿತು. ನಾನು ಸ್ಪ್ಯಾನರ್ ಹಿಡಿದು ಗೇಜು ಬಿಚ್ಚಲು ಹೋದೆ. ನಮ್ಮ ಹಿರಿಯ ಮೇಸ್ತ್ರಿ ಕೈ ಹಿಡಿದರು. 'ಮುಖ ನೋಡಿ ಬೈಬೇಡ, ಬೆನ್ನು ನೋಡು' ಅಂದರು. ಗೇಜಿನ ಹಿಂದೆ ಹಂದಿ ಬಾಲದ ಹಾಗೆ ಸುತ್ತಿದ ಒಂದು ಕೊಳವೆ ಇರುತ್ತದೆ. ಬಿಸಿ ಹಬೆ ನೇರವಾಗಿ ಗೇಜಿಗೆ ಹೊಡೆಯದಂತೆ ಅದರಲ್ಲಿ ನೀರು ನಿಂತಿರುತ್ತದೆ. ಆ ಕೊಳವೆಯಲ್ಲಿ ಕಿಟ್ಟ ಕಟ್ಟಿಕೊಂಡಿತ್ತು. ಕಾಕ್ ತಿರುಗಿಸಿ ಊದಿದೆವು. ಮುಳ್ಳು ತಾನಾಗಿ ಎದ್ದು ಬಂತು. ಗೇಜಿಗೆ ಕೈಯನ್ನೇ ಹಚ್ಚಲಿಲ್ಲ.

ಈಗ ನಮ್ಮ ಮನೆಯ ಸ್ಟೋರ್ ರೂಮಿನಲ್ಲಿ ಒಂದು ವಿಮಾನ ಇದೆ. ಅರ್ಧ ವಿಮಾನ ಅನ್ನಿ. ಮೊಮ್ಮಗ ಪಿಯುಸಿ ಓದುತ್ತಾನೆ. ಅವನೂ ನಾನೂ ಸೇರಿ ಸೆಸ್ನಾ 172 ಅನ್ನುವ ಪುಟ್ಟ ವಿಮಾನದ ಪ್ಯಾನಲ್, ಅಂದರೆ ಮೀಟರು ಹಲಗೆ, ಕಟ್ಟಿದೆವು. ಹಲಗೆ ಹಳೆಯ ಬೀರುವಿನ ಬಾಗಿಲು. ಡಯಲುಗಳು ಪ್ರಿಂಟ್ ತೆಗೆಸಿದ ಕಾಗದ. ಮುಳ್ಳು ತಿರುಗಿಸಲು ಪುಟ್ಟ ಮೋಟಾರುಗಳು. ಕಂಪ್ಯೂಟರಿಗೂ ಮೋಟಾರಿಗೂ ನಡುವೆ ಆರ್ಡುವಿನೊ ಅನ್ನುವ, ಮೋಟಾರುಗಳನ್ನು ಆಡಿಸುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು. ಮೊಬಿಫ್ಲೈಟ್ ಅನ್ನುವ ಪುಕ್ಕಟೆ ಸಾಫ್ಟ್‌ವೇರು ಸಿಮ್ಯುಲೇಟರಿನಿಂದ ಅಂಕಿ ತಂದು ಬೋರ್ಡಿಗೆ ಕೊಡುತ್ತದೆ. ಮುಖ್ಯ ಮೀಟರುಗಳು ಆರು: ವೇಗ, ವಿಮಾನದ ವಾಲು, ಎತ್ತರ, ತಿರುವು, ದಿಕ್ಕು, ಏರಿಳಿತ. ಆರೂ ಒಂದಲ್ಲ ಒಂದು ದಿನ ನಮ್ಮನ್ನು ಆಟ ಆಡಿಸಿವೆ.

ಅಂಗಡಿಗೆ ಓಡುವ ಮೊದಲು ಮಾಡಬೇಕಾದ ಕೆಲಸ ಒಂದೇ. ಪ್ಯಾನಲಿನ ಮುಳ್ಳು ನೋಡಿ, ಆಮೇಲೆ ಕಂಪ್ಯೂಟರ್ ತೆರೆಯಲ್ಲಿ ಬರುವ ವಿಮಾನದ ಒಳಗಿನ ಅದೇ ಮೀಟರು ನೋಡಿ. ತೆರೆಯಲ್ಲಿ ಸರಿ ಇದ್ದು ಹಲಗೆಯಲ್ಲಿ ತಪ್ಪಿದ್ದರೆ ಕಾಯಿಲೆ ನಿಮ್ಮ ವೈರು, ಮೋಟಾರು, ಬೋರ್ಡಿನಲ್ಲಿದೆ. ಎರಡರಲ್ಲೂ ಒಂದೇ ತಪ್ಪಿದ್ದರೆ ವೈರು ಮುಟ್ಟಲೇಬೇಡಿ. ಆಗ ಸೆಟ್ಟಿಂಗು ತಪ್ಪಿರುತ್ತದೆ, ಇಲ್ಲವೇ ಆ ಸುಳ್ಳು ವಿಮಾನಕ್ಕೆ ನಿಜವಾಗಿಯೇ ಏನೋ ಆಗಿರುತ್ತದೆ. ಕಾರ್ಖಾನೆಯಲ್ಲಿ ಅನುಮಾನದ ಗೇಜಿನ ಪಕ್ಕ ಒಂದು ಒಳ್ಳೆಯ ಗೇಜು ಹಾಕಿ ನೋಡುತ್ತಿದ್ದೆವಲ್ಲ, ಅದೇ ಇದು.

ಈ ಪರೀಕ್ಷೆ ಮಾಡಿಯೂ ನಾನು ಏಮಾರಿದ ಕಥೆ ಹೇಳಬೇಕು. ನಮ್ಮ ಎತ್ತರದ ಮೀಟರಿನದು.

ಅದರಲ್ಲಿ ಒಂದೇ ಮುಳ್ಳು. ಒಂದು ಸುತ್ತಿಗೆ 1,000 ಅಡಿ. ಸಾವಿರದ ಲೆಕ್ಕಕ್ಕೆ ಪಕ್ಕದಲ್ಲಿ ಪುಟ್ಟ ಅಂಕಿ ಕಿಂಡಿ. ಕೆಲವು ದಿನ ಚೆನ್ನಾಗಿರುತ್ತಿತ್ತು. ಕೆಲವು ದಿನ ಬೆಂಗಳೂರಿನಲ್ಲಿ ನಿಂತಾಗ 3,340 ತೋರಿಸುತ್ತಿತ್ತು, ತೆರೆಯಲ್ಲಿ ಮಾತ್ರ 3,000. ಒಂದು ದಿನ 170 ಅಡಿ ಜಾಸ್ತಿ, ಇನ್ನೊಂದು ದಿನ ಏನೂ ತಪ್ಪಿಲ್ಲ. ಕಾಯಿಲೆ ಹಲಗೆಯ ಕಡೆ ಇದೆ ಅಂತೇನೋ ಗೊತ್ತಾಯಿತು. ಬೆಂಗಳೂರಿನ ಒಂದು ಅಂಗಡಿಗೆ ಒಯ್ದೆವು. ಅಲ್ಲಿನ ಹುಡುಗ ಅರ್ಧ ಗಂಟೆ ನೋಡಿದ. ಬೋರ್ಡು ಹೋಗಿದೆ ಅಂದ. ಹೊಸ ಬೋರ್ಡು, ಹೊಸ ಮೋಟಾರು, ಕೂಲಿ ಸೇರಿ 4,800 ರೂಪಾಯಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮುಳ್ಳು ಚಿನ್ನದಂತೆ ಕೆಲಸ ಮಾಡಿತು. ಮನೆಗೆ ಬಂದು ರಾತ್ರಿ ಹಾಕಿದೆವು, ಸರಿ. ಭಾನುವಾರ ಸಂಜೆ ಹಾಕಿದೆವು, ಮತ್ತೆ ಅದೇ 340.

ಅಂಗಡಿಗೆ ಫೋನ್ ಮಾಡಿದರೆ 'ನೀವೇ ಏನೋ ಮಾಡಿದ್ದೀರ ಅಂಕಲ್' ಅಂದರು.

ಕಾರ್ಖಾನೆ ಬುದ್ಧಿ ಬಿಡುತ್ತದೆಯೇ? ಒಂದು ನೋಟ್‌ಬುಕ್ ಇಟ್ಟೆ. ಶಿಫ್ಟ್ ಲಾಗಿನ ಹಾಗೆ ತಾರೀಕು, ಹೊತ್ತು, ಎಷ್ಟು ತಪ್ಪು, ಹಿಂದಿನ ಸಲ ಎಲ್ಲಿ ಇಳಿದು ಮುಚ್ಚಿದೆವು ಅಂತ ಬರೆಯತೊಡಗಿದೆ. ಮೊಮ್ಮಗ ನಕ್ಕ. ಮೂರು ವಾರ ಆದ ಮೇಲೆ ಪುಟ ತಿರುಗಿಸಿದರೆ ಎರಡು ವಿಷಯ ಎದ್ದು ಕಂಡವು. ತಪ್ಪು ಬಂದದ್ದೆಲ್ಲ ಸಂಜೆ ನಾಲ್ಕರಿಂದ ಐದೂವರೆ ಒಳಗೆ ಶುರು ಮಾಡಿದ ದಿನಗಳಲ್ಲಿ. ಹಿಂದಿನ ಸಲ ಮಂಗಳೂರಿನಲ್ಲಿ ಇಳಿದಿದ್ದರೆ ತಪ್ಪು 340. ಹುಬ್ಬಳ್ಳಿಯಲ್ಲಿ ಇಳಿದಿದ್ದರೆ 170. ಬೆಂಗಳೂರಿನಲ್ಲೇ ಇಳಿದಿದ್ದರೆ ತಪ್ಪೇ ಇಲ್ಲ. ಬಜ್ಪೆಯ ಎತ್ತರ 340ರಷ್ಟು. ಹುಬ್ಬಳ್ಳಿಯದು 2,170ರಷ್ಟು, ಸಾವಿರ ಬಿಟ್ಟರೆ ಉಳಿಯುವುದು 170. ಬೆಂಗಳೂರಿನದು 3,000, ಬಿಟ್ಟರೆ ಸೊನ್ನೆ.

ಅಂದರೆ ಮುಳ್ಳು ಹಿಂದಿನ ದಿನ ಎಲ್ಲಿ ಮಲಗಿತ್ತೋ ಅದನ್ನೇ ಸೊನ್ನೆ ಅಂದುಕೊಂಡು ಏಳುತ್ತಿತ್ತು!

ಈ ಜಾತಿಯ ಮೋಟಾರಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಿರುವುದಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗು ಅಂದರೆ ಹೋಗುತ್ತದೆ, ಅಷ್ಟೇ. ಅದಕ್ಕೇ ಪ್ರತಿ ಸಲ ಶುರುವಾದಾಗ ಅದು ಮೊದಲು ಸೊನ್ನೆಯನ್ನು ಹುಡುಕಬೇಕು. ಮುಳ್ಳಿನ ಹಿಂದೆ ಒಂದು ಕಪ್ಪು ಬಿಲ್ಲೆ, ಅದರಲ್ಲೊಂದು ತೂತು. ಬಿಲ್ಲೆಯ ಆಚೆ ಕಣ್ಣಿಗೆ ಕಾಣದ ಬೆಳಕು ಬಿಡುವ ಪುಟ್ಟ ದೀಪ, ಈಚೆ ಅದನ್ನು ನೋಡುವ ಸೆನ್ಸರು. ಬಿಲ್ಲೆ ತಿರುಗಿ ತೂತು ಎದುರಿಗೆ ಬಂದಾಗ ಬೆಳಕು ತೂರುತ್ತದೆ, ಸೊನ್ನೆ ಸಿಕ್ಕಿತು ಅಂತ ಮೋಟಾರು ನಿಲ್ಲುತ್ತದೆ. ಇದೆಲ್ಲ ಗೊತ್ತಿದ್ದೂ ಸಂಜೆಗೂ ಇದಕ್ಕೂ ಏನು ಸಂಬಂಧ ಅಂತ ಹೊಳೆಯಲಿಲ್ಲ. ನೋಟ್‌ಬುಕ್ ಹಿಡಿದು ತಲೆ ಕೆರೆದುಕೊಂಡು ಕೂತಿದ್ದೆ. ನನ್ನ ಹೆಂಡತಿ ಕಾಫಿ ತಂದವಳು 'ಕಣ್ಣಿಗೆ ಬಿಸಿಲು ಹೊಡೀತಿದ್ರೂ ಹಂಗೇ ಕೂತಿದ್ದೀರಲ್ಲ' ಅಂತ ಪಡುವಣ ಕಿಟಕಿಯ ಪರದೆ ಎಳೆದಳು.

ಪರದೆ ಎಳೆದ ಮೇಲೆ ಪವರ್ ತೆಗೆದು ಮತ್ತೆ ಹಾಕಿದೆ. ಮುಳ್ಳು ನಿಧಾನಕ್ಕೆ ಒಂದು ಸುತ್ತು ಹೊಡೆದು ಸೊನ್ನೆಯ ಮೇಲೆ ನಿಂತಿತು. ಪರದೆ ಸರಿಸಿ ಮತ್ತೆ ಹಾಕಿದೆ. ಮುಳ್ಳು ಒಂದು ಕೂದಲೆಳೆಯೂ ಅಲ್ಲಾಡಲಿಲ್ಲ. ಸಂಜೆ ಬಿಸಿಲು ಹಲಗೆಯ ಹಿಂಬದಿಯಿಂದ ನುಗ್ಗಿ ನೇರ ಆ ಸೆನ್ಸರಿನ ಮೇಲೆ ಬೀಳುತ್ತಿತ್ತು. ಬಿಸಿಲಿನಲ್ಲೂ ಆ ಕಾಣದ ಬೆಳಕು ಇದೆಯಲ್ಲ. ಅದು ತೂತು ಬಂತು ಅಂತ ನಂಬಿ ಇದ್ದ ಜಾಗವನ್ನೇ ಸೊನ್ನೆ ಅನ್ನುತ್ತಿತ್ತು. ಸೆನ್ಸರಿನ ಸುತ್ತ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಗೂಡು ಕಟ್ಟಿದೆ. ಖರ್ಚು ಮೂರೋ ನಾಲ್ಕೋ ರೂಪಾಯಿ. ಅವತ್ತಿನಿಂದ ತಪ್ಪಿಲ್ಲ. ಅಂಗಡಿಯಲ್ಲಿ ತೆಗೆದ ಹಳೆಯ ಬೋರ್ಡನ್ನು ಕೇಳಿ ತಂದಿದ್ದೆ, ಈಗ ಅದೇ ಇನ್ನೊಂದು ಮೀಟರು ನಡೆಸುತ್ತಿದೆ.

ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಆ ಅಂಗಡಿಯ ಹುಡುಗ ಕೆಟ್ಟವನಲ್ಲ. ಅವನು ಒಂದು ಪ್ರಶ್ನೆ ಕೇಳಲಿಲ್ಲ ಅಷ್ಟೇ. ಯಾವಾಗ ಕೆಡುತ್ತದೆ, ಯಾವಾಗ ಕೆಡುವುದಿಲ್ಲ ಅಂತ. ನಾನೂ ನೋಟ್‌ಬುಕ್ ಇಡುವ ಮೊದಲು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ವೇಗದ ಮೀಟರಿನ ಕಥೆ ಚಿಕ್ಕದು. ಅದಕ್ಕೆ ಹಾಕಿರುವುದು ಕಾರಿನ ಸ್ಪೀಡೋಮೀಟರುಗಳಲ್ಲಿ ಬರುವ ಮೋಟಾರು. 315 ಡಿಗ್ರಿ ತಿರುಗಿ ಒಳಗಿನ ತಡೆಗೆ ತಾಗಿ ನಿಲ್ಲುತ್ತದೆ. ಮುಳ್ಳು 60 ನಾಟ್ (ವಿಮಾನದ ವೇಗದ ಅಳತೆ) ದಾಟುವಾಗ ಸ್ವಲ್ಪ ತಡೆದು ಆಮೇಲೆ ಹಾರುತ್ತಿತ್ತು. ಇಳಿಯುವ ಹೊತ್ತಿಗೆ ಹತ್ತು ನಾಟ್ ಕಡಿಮೆ ತೋರಿಸುತ್ತಿತ್ತು. ಗಾಜಿನ ಮೇಲೆ ಬೆರಳಿನಿಂದ ತಟ್ಟಿದರೆ ತುಸು ಅಲ್ಲಾಡುತ್ತಿತ್ತು. ತಟ್ಟಿದಾಗ ಅಲ್ಲಾಡಿದರೆ ಎಲ್ಲೋ ಉಜ್ಜುತ್ತಿದೆ ಅಂತ ಲೆಕ್ಕ, ಸಕ್ಕರೆ ಕಾರ್ಖಾನೆಯಾದರೂ ವಿಮಾನವಾದರೂ. ಗಾಜು ಬಿಚ್ಚಿ ಓರೆಯಾಗಿ ಟಾರ್ಚ್ ಹಿಡಿದೆ. ಡಯಲ್ ಕಾಗದದ ಮೇಲೆ, 55ರಿಂದ 70ರವರೆಗೆ, ಉಗುರಿನಿಂದ ಗೀಚಿದ ಹಾಗೆ ಒಂದು ತೆಳು ಬಿಲ್ಲುಗೆರೆ. ಮಳೆಗಾಲದ ತೇವಕ್ಕೆ ಕಾಗದ ಅಲ್ಲಿ ಉಬ್ಬಿತ್ತು. ಮುಳ್ಳನ್ನು ಅಚ್ಚಿನ ಮೇಲೆ ಒಂದು ಮಿಲಿಮೀಟರು ಎತ್ತಿ ಕೂರಿಸಿದೆ, ಮುಗಿಯಿತು. ಉಜ್ಜಿದಾಗ ಮೋಟಾರು ಹೆಜ್ಜೆ ತಪ್ಪುತ್ತದೆ, ತಪ್ಪಿದ್ದು ಅದಕ್ಕೆ ತಿಳಿಯುವುದಿಲ್ಲ, ಮತ್ತೆ ಶುರು ಮಾಡುವವರೆಗೂ ಅದೇ ತಪ್ಪಿನಲ್ಲೇ ಓಡುತ್ತದೆ.

ಏರಿಳಿತದ ಮೀಟರಿಗೆ ಮೊಮ್ಮಗ ನೂರೈವತ್ತು ರೂಪಾಯಿಯ ಪುಟ್ಟ ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು, ಹಾಕಿದ್ದ. ಅದು ಮಲೇರಿಯಾ ಬಂದವರ ಹಾಗೆ ನಡುಗುತ್ತಿತ್ತು, ಜೊತೆಗೆ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿತ್ತು. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯಿಂದಲೇ ಎಲ್ಲಕ್ಕೂ ಕರೆಂಟು ಕುಡಿಸುತ್ತಿದ್ದ. ಹಳೆಯ ಯುಎಸ್‌ಬಿ ಕೊಡುವುದೇ 500 ಮಿಲಿ ಆಂಪಿಯರ್. ಬೇರೆ 5 ವೋಲ್ಟ್ ಅಡಾಪ್ಟರ್ ಹಾಕು ಅಂದೆ. ಹಾಕಿದ. ಈಗ ನಡುಕ ಹೋಗಿ ತಾಂಡವ ಶುರುವಾಯಿತು! ನೋಡಿದರೆ ಅಡಾಪ್ಟರಿನ ಮೈನಸ್ ತಂತಿಯನ್ನು ಬೋರ್ಡಿನ ಮೈನಸ್ ತಂತಿಗೆ ಸೇರಿಸಿರಲಿಲ್ಲ. ಇಬ್ಬರು ಮಾತಾಡಬೇಕಾದರೆ ಇಬ್ಬರೂ ಒಂದೇ ನೆಲದ ಮೇಲೆ ನಿಂತಿರಬೇಕಲ್ವಾ? ಒಂದು ಗೇಣು ಕಪ್ಪು ವೈರು ಸೇರಿಸಿದ ಕೂಡಲೇ ಸುಮ್ಮನಾಯಿತು.

ಇನ್ನು ಎರಡೂ ಕಡೆ ಒಂದೇ ತಪ್ಪು ತೋರಿಸುವ ಜಾತಿ. ಇಲ್ಲಿ ಬೈಸಿಕೊಳ್ಳುವ ಮೀಟರು ಬಹುತೇಕ ನಿರಪರಾಧಿ.

ಒಂದು ಸಲ ಜಕ್ಕೂರಿನಿಂದ ಮೈಸೂರಿಗೆ ಹೊರಟೆವು. ನಕ್ಷೆಯಲ್ಲಿ ಗೆರೆ ಎಳೆದರೆ ದಿಕ್ಕು 227 ಡಿಗ್ರಿ ಆಸುಪಾಸು, ದೂರ 75 ನಾಟಿಕಲ್ ಮೈಲಿ. ಮೊಮ್ಮಗ ದಿಕ್ಕಿನ ಮೀಟರಿನಲ್ಲಿ 227 ಹಿಡಿದು ಕದಲದೆ ಕೂತ. ನನ್ನ ಲೆಕ್ಕದಲ್ಲಿ ನಡುದಾರಿಯಲ್ಲಿ ಮಂಡ್ಯ ಕಾಣಬೇಕು, ನಮ್ಮೂರಿನ ಕಡೆ ಅಂತ ಆಸೆಯಿಂದ ನೋಡುತ್ತಿದ್ದೆ. ಮಂಡ್ಯ ಬರಲೇ ಇಲ್ಲ. ಕೊನೆಗೆ ಚಾಮುಂಡಿ ಬೆಟ್ಟ ಬರಬೇಕಾದ ಕಡೆ ಕೆಳಗೆ ಎರಡು ನದಿ ಕೂಡುವುದು ಕಂಡಿತು. ಅದು ತಿರುಮಕೂಡಲು! ಕಾವೇರಿ, ಕಪಿಲೆ ಕೂಡುವ ಟಿ. ನರಸೀಪುರ. ಮೇಲೆ ಗಾಜಿನ ಹತ್ತಿರ ತೂಗುವ ಅಯಸ್ಕಾಂತದ ದಿಕ್ಸೂಚಿ ನೋಡಿದರೆ 217. ದಿಕ್ಕಿನ ಮೀಟರು 227. ದಿಕ್ಕಿನ ಮೀಟರಿಗೆ ಉತ್ತರ ದಿಕ್ಕು ಯಾವುದು ಅಂತ ತಾನಾಗಿ ಗೊತ್ತಿಲ್ಲ, ಅದು ಇಟ್ಟ ದಿಕ್ಕನ್ನೇ ಹಿಡಿದು ತಿರುಗುವ ಬರೀ ಬುಗುರಿ. ಹೊರಡುವ ಮೊದಲು ದಿಕ್ಸೂಚಿ ನೋಡಿ ಹೊಂದಿಸಬೇಕು, ಆಮೇಲೂ ಕಾಲು ಗಂಟೆಗೊಮ್ಮೆ ನೋಡುತ್ತಿರಬೇಕು. ಇವನು ಹೊಂದಿಸಿಯೇ ಇರಲಿಲ್ಲ. 'ಡಿ' ಕೀ ಒತ್ತಿದರೆ ಆಗುವ ಕೆಲಸ. ನಮ್ಮ ಕಡೆ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ, ಅದರ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ.

ವಾಲು ತೋರಿಸುವ ಮೀಟರು ಎಡಕ್ಕೆ ಬಾಗಿದೆ ಅಂತ ಒಂದು ದಿನ ದೂರು. ನೋಡಿದರೆ ವಿಮಾನವೇ ಎಡಕ್ಕೆ ಬಾಗುತ್ತಿದೆ. ಜಾಯ್‌ಸ್ಟಿಕ್ಕಿನ ಒಳಗಿನ ಹಳೆಯ ಕಾರ್ಬನ್ ಪಟ್ಟಿಯಲ್ಲಿ ಧೂಳು ಕೂತು, ಕೈ ಬಿಟ್ಟರೂ ಅದು ನಡುವಿಗೆ ಬರುತ್ತಿರಲಿಲ್ಲ. ಎಂಜಿನ್ ಸುತ್ತಿನ ಮುಳ್ಳು 2,400ಕ್ಕೂ 1,100ಕ್ಕೂ ಕುಣಿದದ್ದು ಇನ್ನೊಂದು ದಿನ. ಹಳೆಯ ಜಾಯ್‌ಸ್ಟಿಕ್ಕಿನ ಥ್ರಾಟಲು (ಎಂಜಿನ್ ಏರಿಸಿ ಇಳಿಸುವ ಹಿಡಿ), ಹೊಸ ಥ್ರಾಟಲು ಎರಡಕ್ಕೂ ಕಂಪ್ಯೂಟರು ಅಧಿಕಾರ ಕೊಟ್ಟಿತ್ತು. ಒಂದು ಮನೆಗೆ ಇಬ್ಬರು ಯಜಮಾನರು. ಒಬ್ಬರ ಹೆಸರು ಅಳಿಸಿದೆವು.

ಇನ್ನೊಂದು ಸಲ ಕಠ್ಮಂಡು ಕಡೆ ಮೋಡದೊಳಗೆ ಹಾರುವಾಗ ವೇಗದ ಮುಳ್ಳು 100ರಿಂದ ಜಾರುತ್ತಾ ಜಾರುತ್ತಾ ಸೊನ್ನೆಗೆ ಬಂತು. ಮೊಮ್ಮಗ ಗಾಬರಿಯಿಂದ ಮೂತಿ ಕೆಳಗೆ ಮಾಡಿದ. ಎಂಜಿನ್ನಿನ ಸದ್ದು ಏರುತ್ತಿದೆ, ಎತ್ತರ ಕರಗುತ್ತಿದೆ, ಇದೊಂದು ಮಾತ್ರ ಸೊನ್ನೆ ಅನ್ನುತ್ತಿದೆ. ರೆಕ್ಕೆಯ ಕೆಳಗಿನ ಪಿಟೋ ಕೊಳವೆಯ ಬಾಯಿಗೆ ಮಂಜುಗಡ್ಡೆ ಕಟ್ಟಿತ್ತು. ಎದುರುಗಾಳಿ ಆ ಬಾಯಿಯಿಂದ ಒಳಬಂದರೆ ತಾನೇ ವೇಗ ಗೊತ್ತಾಗುವುದು. ಕೊಳವೆ ಬಿಸಿ ಮಾಡುವ ಸ್ವಿಚ್ಚು ಹಾಕಿ ಸ್ವಲ್ಪ ಕಾದಾಗ ಮುಳ್ಳು ಎದ್ದಿತು. ಸಾಫ್ಟ್‌ವೇರು ಕೆಟ್ಟಿರಲಿಲ್ಲ, ಅದು ತೀರಾ ಚೆನ್ನಾಗಿತ್ತು.

ಮೊಮ್ಮಗನ ಗೆಳೆಯನ ಮನೆಯಲ್ಲಿ ಎಕ್ಸ್-ಪ್ಲೇನ್ ಅನ್ನುವ ಇನ್ನೊಂದು ಸಿಮ್ಯುಲೇಟರು ಇದೆ. ಅದರಲ್ಲಿ ಬೇಕಂತಲೇ ಕಾಯಿಲೆ ಬರಿಸುವ ಪಟ್ಟಿಯೇ ಉಂಟು. ತಮಾಷೆಗೆ ಆ ಹುಡುಗ ಸ್ಟ್ಯಾಟಿಕ್ ತೂತು, ಅಂದರೆ ಹೊರಗಾಳಿಯ ಒತ್ತಡವನ್ನು ಮೀಟರುಗಳಿಗೆ ಮುಟ್ಟಿಸುವ ತೂತು, ಮುಚ್ಚಿಟ್ಟ. ಮೇಲೇರುತ್ತಿದ್ದರೂ ಎತ್ತರದ ಮೀಟರು ನಿಂತಲ್ಲೇ ನಿಂತಿದೆ, ಏರಿಳಿತದ ಮೀಟರು ಸೊನ್ನೆ, ವೇಗ ಕಡಿಮೆಯಾಗುತ್ತಾ ಹೋಗುತ್ತಿದೆ. ಮೊಮ್ಮಗ ಫೋನ್ ಮಾಡಿ 'ತಾತ, ಮೂರು ಮೀಟರು ಒಟ್ಟಿಗೆ ಹೋದವು' ಅಂದ. ಮೂರು ಮೀಟರು ಒಟ್ಟಿಗೆ ಸಾಯಲ್ಲ ಕಣೋ, ಮೂರಕ್ಕೂ ನೀರು ಬರುವ ನಲ್ಲಿ ಯಾವುದು ನೋಡು ಅಂದೆ. ಹಾಗೇ ವಾಲಿನ ಮೀಟರು, ದಿಕ್ಕಿನ ಮೀಟರು ಎರಡೂ ಜೊತೆಯಾಗಿ ತೂಕಡಿಸಿದರೆ ಹಳೆಯ ಮಾದರಿಯ ಸೆಸ್ನಾದಲ್ಲಿ ವ್ಯಾಕ್ಯೂಮ್ ಪಂಪಿನ ಮೇಲೆ ಅನುಮಾನ ಪಡಬೇಕು. ಎರಡರ ಬುಗುರಿಯನ್ನೂ ತಿರುಗಿಸುವುದು ಅದೇ.

ಇದು ಬರೀ ಆಟದ ಮಾತಲ್ಲ. 1996ರ ಅಕ್ಟೋಬರಿನಲ್ಲಿ ಪೆರು ದೇಶದ ಬೋಯಿಂಗ್ 757 ವಿಮಾನವೊಂದು ರಾತ್ರಿ ಸಮುದ್ರಕ್ಕೆ ಬಿದ್ದು 70 ಜನ ಸತ್ತರು. ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ತೂತುಗಳಿಗೆ ಅಂಟಿಸಿದ್ದ ಟೇಪು ಕೀಳಲು ಮರೆತಿದ್ದರು. ಅದೇ ವರ್ಷ ಫೆಬ್ರವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್ ದೇಶದಿಂದ ಹೊರಟ ಇನ್ನೊಂದು 757 ಬಿದ್ದು 189 ಜನ ಹೋದರು. ಅದರ ಪಿಟೋ ಕೊಳವೆಯಲ್ಲಿ ಕುಂಬಾರ ಹುಳ ಗೂಡು ಕಟ್ಟಿದ್ದಿರಬೇಕು ಎಂಬುದು ತನಿಖೆಯ ಅಂದಾಜು. ನಮ್ಮ ಕಿಟಕಿ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತದಲ್ಲ, ಅಂಥದೇ ಹುಳ.

ನನಗೆ ಇವೆರಡಕ್ಕಿಂತ ಜಾಸ್ತಿ ಕಾಡುವುದು ನಮ್ಮದೇ ದೇಶದ್ದು. 1978ರ ಜನವರಿ 1, ಹೊಸ ವರ್ಷದ ರಾತ್ರಿ. ನಾನಾಗ ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿದ್ದೆ. ಬೊಂಬಾಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ 'ಎಂಪರರ್ ಅಶೋಕ' ಹಾರಿದ ಎರಡೇ ನಿಮಿಷದಲ್ಲಿ ಬಾಂದ್ರಾ ಎದುರಿನ ಸಮುದ್ರಕ್ಕೆ ಬಿತ್ತು. 213 ಜನ. ಕ್ಯಾಪ್ಟನ್ ಎದುರಿನ ವಾಲಿನ ಮೀಟರು ಕೆಟ್ಟು ಬಲಕ್ಕೆ ವಾಲಿರುವಂತೆ ತೋರಿಸುತ್ತಿತ್ತು. ಅವರು ಸರಿಪಡಿಸಲು ಎಡಕ್ಕೆ ತಿರುಗಿಸುತ್ತಾ ಹೋದರು. ಹೊರಗೆ ಕಪ್ಪು ಸಮುದ್ರ, ಕಪ್ಪು ಆಕಾಶ. ಮಿಕ್ಕ ಮೀಟರುಗಳ ನೆರವಿನಿಂದ ವಿಮಾನ ಹಿಡಿತಕ್ಕೆ ತರಲು ಆಗಲಿಲ್ಲ ಅಂತ ತನಿಖೆ ಹೇಳಿತು. ಅದಕ್ಕೇ ಮೊಮ್ಮಗ ಒಂದೇ ಮೀಟರನ್ನು ದಿಟ್ಟಿಸುತ್ತಾ ಕೂತರೆ ನಾನು ಅವನ ಹೆಗಲು ತಟ್ಟುತ್ತೇನೆ. ಪಕ್ಕದ್ದು ಏನು ಹೇಳುತ್ತೆ ಕೇಳು ಅನ್ನುತ್ತೇನೆ.

ಇದೆಲ್ಲ ಮಕ್ಕಳ ಆಟದ ಸಾಮಾನು, ಇದಕ್ಕೆ ಇಷ್ಟು ತಲೆ ಯಾಕೆ ಅಂತ ಕೆಲವರು ಕೇಳಬಹುದು. ಹೆಸರುವಾಸಿಯಾದ ಹಳೆಯ ಸಿಮ್ಯುಲೇಟರೊಂದು ಮೊದಲು ಮಾರಾಟವಾದದ್ದೇ ಆಟದ ಸಾಮಾನಾಗಿ. ಅಮೆರಿಕದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಎಡ್ವಿನ್ ಲಿಂಕ್ ಅನ್ನುವವರ ತಂದೆಗೆ ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ ಇತ್ತು. ಮಗ ಅಲ್ಲಿನ ಆರ್ಗನ್ ತಿದಿಗಳನ್ನೇ ಬಳಸಿ 1929ರ ಹೊತ್ತಿಗೆ ಒಂದು ಕುಳ್ಳ ಮರದ ವಿಮಾನ ಕಟ್ಟಿದರು. ನಮ್ಮ ಹಾರ್ಮೋನಿಯಂ ತಿದಿಯ ದೊಡ್ಡಣ್ಣ ಅನ್ನಿ. ಮೊದಲು ಕೊಂಡವರು ಜಾತ್ರೆಯಂಥ ಮೋಜಿನ ಪಾರ್ಕುಗಳವರು. 1934ರಲ್ಲಿ ಸೇನೆಯ ಪೈಲಟುಗಳು ಕೆಟ್ಟ ಹವೆಯಲ್ಲಿ ಟಪಾಲು ಒಯ್ಯಲು ಹೋಗಿ ಸಾಲು ಸಾಲಾಗಿ ಸತ್ತ ಮೇಲೆ ಸೇನೆ ಅದನ್ನು ಕೊಂಡಿತು. ಬರೀ ಮೀಟರು ನೋಡಿ ಹಾರುವುದನ್ನು ನೆಲದ ಮೇಲೇ ಕಲಿಸಲು. ತಿದಿ ಹರಿದರೆ ಅದರ ಮುಳ್ಳುಗಳೂ ಸುಳ್ಳು ಹೇಳಿರುತ್ತವೆ ಬಿಡಿ.

ನನ್ನ ಕೋರಿಕೆ ಇಷ್ಟೇ. ಇಂಥ ಪ್ಯಾನಲ್ ಮಾರುವವರು ಪೆಟ್ಟಿಗೆಯೊಳಗೆ ಒಂದು ಹಾಳೆ ವೈರಿಂಗ್ ನಕ್ಷೆ ಇಡಲಿ. ಹಳೆಯ ರೇಡಿಯೋದ ಮರದ ಪೆಟ್ಟಿಗೆಯ ಹಿಂಬದಿ ಅಂಟಿಸುತ್ತಿದ್ದರಲ್ಲ, ಹಾಗೆ. ಯಾವ ಬಣ್ಣದ ವೈರು ಎಲ್ಲಿಗೆ, ಎಷ್ಟು ವೋಲ್ಟ್, ಸೊನ್ನೆ ಹುಡುಕುವುದು ಹೇಗೆ, ಇಷ್ಟು ಸಾಕು. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು. ನಮಗೆ ಸಿಕ್ಕ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಸ್ಟಿಕ್ಕರು, 'ಬಿಚ್ಚಿದರೆ ವಾರಂಟಿ ಇಲ್ಲ' ಅಂತ. ಬಿಚ್ಚದೆ ಕಪ್ಪು ಟೇಪು ಎಲ್ಲಿ ಸುತ್ತಲಿ ಹೇಳಿ?

ದಾವಣಗೆರೆಯ ಓದುಗರಿಗೆ ಒಂದು ಮಾತು. ಮಗನಿಗೆ ಒಂದು ನೋಟ್‌ಬುಕ್ ಕೊಡಿಸಿ. ಹತ್ತು ರೂಪಾಯಿಯದು ಸಾಕು.

ನಮ್ಮ ಪ್ಯಾನಲ್ ಈಗ ಪೂರ್ತಿ ಸರಿಯಾಗಿದೆಯೇ ಅಂತ ಕೇಳಿದರೆ ಇಲ್ಲ. ಏರಿಳಿತದ ಮೀಟರು ವಿಮಾನ ನೆಲದಲ್ಲಿ ನಿಂತಿದ್ದಾಗಲೂ ನಿಮಿಷಕ್ಕೆ 100 ಅಡಿ ಏರುತ್ತಿದ್ದೇನೆ ಅನ್ನುತ್ತದೆ. ಸರ್ವೋ ಹಲ್ಲಿನ ಸಡಿಲ. ಬಿಚ್ಚೋಣ ಅಂದೆ. ನಿಜವಾದ ಪೈಲಟುಗಳೂ ಈ ಮೀಟರಿನಲ್ಲಿ ಹೀಗಾದರೆ ಆ 100 ಅನ್ನೇ ಸೊನ್ನೆ ಅಂತ ಇಟ್ಟುಕೊಂಡು ಹಾರುತ್ತಾರೆ ಅಂತ ಮೊಮ್ಮಗ ಎಲ್ಲೋ ಓದಿಕೊಂಡು ಬಂದ. ಡಯಲಿನ ಮೇಲೆ ಆ ಜಾಗಕ್ಕೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಿದ್ದಾನೆ. ನನಗೆ ದಿನಾ ಅದನ್ನು ನೋಡಿದಾಗ ಕೈ ಕೆರೆಯುತ್ತದೆ. ಸ್ಕ್ರೂಡ್ರೈವರನ್ನು ಅವನು ಎಲ್ಲೋ ಬಚ್ಚಿಟ್ಟಿದ್ದಾನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಮಂಡ್ಯ ಜಿಲ್ಲೆ